ಹಣೆ ಅಳತೆಯ ದಾರ

ಮಡಕಶಿರಾ
6ನೇ ಫೆಬ್ರವರಿ 1933

ಭಾಮೈದ ಪರ್ವತಯ್ಯನಿಗೆ ಭಾವ ನಂದೀಶ್ವರಯ್ಯನ ಆಶೀರ್ವಾದ.

ನಾವೆಲ್ಲ ಕ್ಷೇಮ. ನಿನ್ನ ಅಕ್ಕ ಇಂದ್ರಮ್ಮ ಚೆನ್ನಾಗಿದ್ದಾಳೆ. ನಮ್ಮ ಮಲ್ಲಿ ಎರಡನೇ ಕ್ಲಾಸು, ಅಕ್ಷರ ದುಂಡಗೆ ಬರೀತಾಳೆ. ನಿನ್ನ ಹಾಗೆ ಕೋಳಿ ಕೆದರಿದಂಗಲ್ಲ.

ಲಕೋಟೆ ಒಳಗೆ ಒಂದು ದಾರ ಇಟ್ಟಿದ್ದೀನಿ. ನಮಗೆ ಬೇಕಾದ ಮನೆಯೋರ ಹುಡುಗಿಯ ಹಣೆ ಅಳತೆ. ಎರಡು ಗಂಟಿನ ನಡುವೆ ಎಷ್ಟಿದೆಯೋ ಅಷ್ಟಕ್ಕೆ ಬಾಸಿಂಗ ಕಟ್ಟಿಡು. ಮದುವೆ ವೈಶಾಖದಲ್ಲಿ, ನಿಮ್ಮ ಸೀಮೆಯ ಪಾವಗಡ ತಾಲ್ಲೂಕಿನ ಗಡಿಯ ಹುಣಸೆ ತೋಪಲ್ಲಿ, ಈಶ್ವರನ ಗುಡಿ ಮುಂದೆ. ಅಲ್ಲೇ ಯಾಕೆ ಅಂತ ನಿನಗೆ ಗೊತ್ತು. ಮೂರು ವರ್ಷದಿಂದ ನಮ್ಮ ಬ್ರಿಟಿಷ್ ಸೀಮೆಯಲ್ಲಿ ಹದಿನಾಲ್ಕು ತುಂಬದ ಹೆಣ್ಣಿಗೆ ಮದುವೆ ಮಾಡಿದ್ರೆ ಜೈಲು. ನಿಮ್ಮ ಮೈಸೂರು ಸೀಮೆಯಲ್ಲಿ ಎಂಟು ತುಂಬಿದ್ರೆ ಸಾಕು. ಗಡಿಕಲ್ಲು ದಾಟಿ ಹತ್ತು ಹೆಜ್ಜೆ ಬಂದ್ರೆ ಯಾರೂ ಕೇಳೋರಿಲ್ಲ.

ನಾನು ಕಚೇರಿ ಗುಮಾಸ್ತ. ಕಾಯ್ದೆ ಮೀರೋನಲ್ಲ. ಅದಕ್ಕೇ ಇಷ್ಟು ದೂರ.

ಇಂತಿ,
ನಂದೀಶ್ವರಯ್ಯ


ಸಿರಾ
14ನೇ ಫೆಬ್ರವರಿ 1933

ಭಾವ,

ಮೇಲ್ಗಡೆ ಬರೆಯೋ ದೊಡ್ಡ ದೊಡ್ಡ ನಮಸ್ಕಾರ ನಂಗೆ ಬರಾಕಿಲ್ಲ. ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರ ಮೇಲೆ ಸಿಲೇಟು ಎಸೆದು ಓಡ್ಬಂದೋನು ನಾನು. ಅಡ್ಡ ಬಿದ್ದೆ ಅಂತ ತಿಳ್ಕಳಿ.

ದಾರ ಬಂತು. ಇದೇನ್ ಭಾವ, ಹಣೆನಾ ನಿಂಬೆಹಣ್ಣಾ? ಆರು ಬೆರಳೂ ಇಲ್ವಲ್ಲ! ನಮ್ಮ ಯಜಮಾನ ದೊಡ್ಡರಂಗಪ್ಪ ನೋಡಿ ಬಿದ್ದು ಬಿದ್ದು ನಕ್ಕ. "ಲೇ ಪರ್ವತ, ಇದಕ್ಕೆ ಬೆಂಡೂ ಉಳೀತು, ಜರತಾರಿನೂ ಉಳೀತು, ಕಟ್ಲಾ" ಅಂದ. ನಿಮ್ಮ ಬ್ರಿಟಿಷ್‌ನೋರು ಕಾಯ್ದೆ ತಂದು ನಮ್ಮ ಅಂಗಡಿ ತುಂಬಿಸ್ಬುಟ್ರು. ಅಂಗಡಿ ಗೋಡೆ ಮೊಳೇಲಿ ಹಣೆ ಅಳತೆ ದಾರ ನೇತಾಕಿರ್ತೀವಲ್ಲ, ಮೊದ್ಲು ಎಲ್ಲ ಉದ್ದದ್ದೇ. ಈಗ ಮೋಟು ದಾರವೇ ಜಾಸ್ತಿ. ಗಾಳಿ ಬಂದ್ರೆ ಇಲಿ ಬಾಲ ಅಳ್ಳಾಡ್ದಂಗೆ ಅಳ್ಳಾಡ್ತವೆ.

ಯಾರ ಮಗಳು ಅಂತ ನೀವು ಬರೀಲಿಲ್ಲ. ಯಾರ ಮಗಳಾದ್ರೇನು, ಕಟ್ಟೋದು ನಮ್ ಕೆಲ್ಸ. ನಿಮ್ ಕಡೆಯೋರು ಅಂತ ನಡೂಮಧ್ಯ ಕನ್ನಡಿ ಚೂರು ಇಟ್ಟು ಕಟ್ಟಿವ್ನಿ. ನಾನು ಕಟ್ಟಿರೋದ್ರಲ್ಲೇ ಚೆಂದಾಗಿರೋದು ಇದು. ಗೂಡಲ್ಲಿ ಇಟ್ಟಿವ್ನಿ.

ಮಲ್ಲಿಗೆ ಒಂದು ಗುದ್ದು ಕೊಡಿ, ಮಾವ ಕಳ್ಸಿದ್ದು ಅಂತ.

ಪರ್ವತ


ಮಡಕಶಿರಾ
2ನೇ ಮಾರ್ಚಿ 1933

ಪರ್ವತನಿಗೆ ಆಶೀರ್ವಾದ.

ನನ್ನ ಬೆರಳಿಗೆ ಉಗುರುಸುತ್ತು ಆಗಿದೆ. ನಾನು ಹೇಳ್ತಾ ಇದ್ದೀನಿ, ಮಲ್ಲಿ ಬರೀತಾ ಇದ್ದಾಳೆ. ಬಾಸಿಂಗ ಆಯ್ತು ಅಂತ ತಿಳಿದು ಸಂತೋಷ. ಮುಹೂರ್ತ ಮೇ ನಾಲ್ಕನೇ ತಾರೀಕು ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಒಳಗೆ. ಬಾಸಿಂಗ ತಗೊಂಡು ನೀನೇ ಬರಬೇಕು. ಹಿಂದಿನ ದಿನವೇ ಬಂದುಬಿಡು. ಅಲ್ಲಿ ನಿನ್ನಿಂದ ಇನ್ನೂ ಒಂದು ಕೆಲಸ ಇದೆ. ಬಂದಾಗ ಹೇಳ್ತೀನಿ.

ನಂದೀಶ್ವರಯ್ಯ

ಮಾವ ಅಪ್ಪ ಅಂಚೆ ಚೀಟಿ ತರಕ್ಕೆ ಹೋದ್ರು ಇದು ನಾನೇ ಬರೀತಿರೋದು. ಆ ದಾರ ನಂದೇ ಮಾವ. ಅಪ್ಪ ನಿಂಗೆ ಈಗ್ಲೇ ಹೇಳ್ಬೇಡ ಅಂದ್ರು. ನನ್ನ ಬಾಸಿಂಗಕ್ಕೆ ಕೆಂಪು ಕಾಗದ ಹಾಕು ಹಸಿರು ಬ್ಯಾಡ. ನೀನು ಸೋದರಮಾವ ಅಂತೆ ನನ್ನ ಎತ್ಕೊಂಡು ಚಪ್ಪರಕ್ಕೆ ಹೋಗ್ಬೇಕಂತೆ ನಾನು ಭಾರ ಇದೀನಿ. ಮದುವೆ ಆದ್ಮೇಲೆ ಮೂರನೇ ಕ್ಲಾಸಿಗೆ ಹೋಗ್ಬೋದಾ ಅಂತ ಅಮ್ಮನ್ನ ಕೇಳ್ದೆ. ಅಮ್ಮ ಒಲೆ ಊದ್ತಾ ಇದ್ಲು ಹೊಗೆಗೆ ಕಣ್ಣಲ್ಲಿ ನೀರು ಬಂತು ಅಂದ್ಲು. ಒಲೇಲಿ ಹೊಗೆ ಇರ್ಲಿಲ್ಲ.


ಸಿರಾ
7ನೇ ಮಾರ್ಚಿ 1933

ಏಯ್ ಭಾವ,

ನಿಂಗೇನ್ ತಲೆ ಕೆಟ್ಟೈತಾ? ಮಲ್ಲಿಗಾ? ಮೊನ್ನೆ ಸಂಕ್ರಾಂತಿಗೆ ಬಂದಾಗ ನನ್ ಬೆನ್ನ ಮೇಲೆ ಕೂತು ಹಲ್ಲು ಬಿದ್ದಿದ್ದು ತೋರಿಸಿದೋಳಿಗಾ?

ಬೇಕಾದ ಮನೆಯೋರ ಹುಡುಗಿ ಅಂತ ಬರೀತೀಯ. ಮಗಳು ಅಂತ ಬರೆಯಾಕೆ ಕೈಗೆ ಏನ್ ರೋಗ ಬಂದಿತ್ತು? ಉಗುರುಸುತ್ತು ಈಗ ತಾನೆ ಬಂದಿದ್ದು! ಸರಿಯಾದ ಕೆಲ್ಸ ಆಗಿದ್ರೆ ಮುಚ್ಚಿಟ್ಟು ಯಾಕ್ ಮಾಡ್ತಿದ್ದೆ? ಮಡಕಶಿರದಲ್ಲಿ ನಿನ್ ಮನೆ ಮುಂದೇನೆ ಚಪ್ಪರ ಹಾಕು. ಆಗಲ್ಲ. ಜೈಲು. ಅದೇ ಮಗು, ಅದೇ ಹಣೆ, ಅದೇ ತಾಳಿ. ಕಲ್ಲು ದಾಟಿದ್ರೆ ಆಶೀರ್ವಾದ. ಆ ದಾರ ಇಲ್ಲೇ ಐತೆ ನನ್ ಮುಂದೆ. ಕಲ್ಲಿನ ಆಕಡೆ ಇಟ್ಟು ಅಳೆದ್ರೂ ಆರು ಬೆರಳಿಲ್ಲ, ಈಕಡೆ ಇಟ್ಟು ಅಳೆದ್ರೂ ಆರು ಬೆರಳಿಲ್ಲ. ಹತ್ತು ಹೆಜ್ಜೇಲಿ ನಿನ್ ಮಗಳು ಬೆಳೆದ್ಬುಟ್ಲಾ?

ಬಾಸಿಂಗ ಕೊಡಾಕಿಲ್ಲ. ಒಲೆಗೆ ಹಾಕ್ತೀನಿ.

ಪರ್ವತ


ಮಡಕಶಿರಾ
20ನೇ ಮಾರ್ಚಿ 1933

ಏಮಿರಾ ಅಬ್ಬಾಯಿ, ಏನೋ ಹುಡುಗ, ಭಾವನಿಗೆ ಏಯ್ ಅಂತ ಬರೆಯೋ ಮಟ್ಟಕ್ಕೆ ಬಂದ್ಯಾ? ಬೆರಳು ವಾಸಿಯಾಗಿದೆ. ನಾನೇ ಬರೀತಿದ್ದೀನಿ. ಮಲ್ಲಿ ಕೈಗೆ ಇನ್ನು ಪೆನ್ನು ಕೊಡೋದಿಲ್ಲ.

ನಿನ್ನ ಸಿಟ್ಟಿನ ಬೇರು ನನಗೆ ಗೊತ್ತು. ಅಕ್ಕನ ಮಗಳು ಸೋದರಮಾವನಿಗೆ ಸೇರಬೇಕು. ನಿನಗೆ ಹತ್ತೊಂಬತ್ತು ಆಯ್ತು, ನಿನ್ನ ಕೇಳಲಿಲ್ಲ ಅಂತ ತಾನೆ? ಕೊಡೋಣ ಅಂತ ಇಂದ್ರಮ್ಮನ ಹತ್ತಿರ ಒಂದು ಮಾತು ಆಡಿದ್ದೆ. ಆದ್ರೆ ಬೆಂಡು ಕೊಯ್ಯೋನಿಗೆ ಕೊಟ್ಟು ಏನು ಮಾಡಲಿ? ಈ ಗಂಡು ಇಪ್ಪತ್ತೊಂದು ವರ್ಷದೋನು. ಅವನಪ್ಪ ಸಿದ್ದಗಂಗಯ್ಯನೋರು ಇಲ್ಲೇ ನಮ್ಮ ಸೀಮೆಯಲ್ಲಿ ಅವರ ಊರಿಗೆ ಮುನಸೀಬರು. ಇಂಥ ಸಂಬಂಧ ಐದು ವರ್ಷ ಕಾದು ಕೂರುತ್ತಾ? ನನ್ನ ಅಣ್ಣನ ಮಗಳಿಗೆ ಹದಿಮೂರು ತುಂಬಿ ಗಂಡು ಸಿಕ್ಕಿಲ್ಲ. ನೆಂಟರು ಅವರ ಮನೆ ನೀರು ಮುಟ್ಟೋದು ಬಿಟ್ಟಿದ್ದಾರೆ. ನೀನು ಒಂಟಿ. ನಾನು ನಾಲ್ಕು ಜನರ ನಡುವೆ ಬದುಕಬೇಕು.

ಇನ್ನು ನಿನ್ನ ಸರಿ ತಪ್ಪು. 1930ರ ಮಾರ್ಚಿ ಮೂವತ್ತೊಂದಕ್ಕೆ ಇಲ್ಲಿ ಈ ಮದುವೆ ಸರಿ ಇತ್ತು. ಮಾರನೇ ದಿನ ಏಪ್ರಿಲ್ ಒಂದಕ್ಕೆ ತಪ್ಪಾಯ್ತು. ಆ ದಿನ ಸೂರ್ಯ ಬೇರೆ ದಿಕ್ಕಲ್ಲಿ ಹುಟ್ಟಿದ್ನಾ? ನಿಮ್ಮ ಸಿರಾದ ಸಾಬರು ಚಿಕ್ಕಪ್ಪನ ಮಗಳನ್ನ ಮದುವೆ ಆಗ್ತಾರೆ. ನಮಗೆ ಅವಳು ತಂಗಿ, ಕೇಳಿದ್ರೇ ಮೈ ಉರಿಯುತ್ತೆ. ನಾವು ಅಕ್ಕನ ಮಗಳನ್ನ ಮಾಡ್ಕೋತೀವಿ. ಅವರು ತೋಬಾ ಅಂತಾರೆ. ಯಾರದು ಸರಿ? ಅವರವರ ಸೀಮೆ, ಅವರವರ ಸರಿ. ಎಲ್ಲಾ ಕಡೆಗೂ, ಎಲ್ಲಾ ಕಾಲಕ್ಕೂ ಒಂದೇ ಸರಿ ಅನ್ನೋದು ಎಲ್ಲಿದೆ, ಇದ್ರೆ ತೋರಿಸು. ನಾನು ಇಪ್ಪತ್ತು ವರ್ಷದಿಂದ ಕಚೇರಿ ಕಾಗದ ನೋಡ್ತಿದ್ದೀನಿ, ಎಲ್ಲೂ ಕಂಡಿಲ್ಲ.

ಬಾಸಿಂಗ ಜೋಪಾನ.

ನಂದೀಶ್ವರಯ್ಯ


ಸಿರಾ
1ನೇ ಏಪ್ರಿಲ್ 1933

ಭಾವ,

ಥೂ. ಮಲ್ಲಿನ ನಾನು ಮಾಡ್ಕಳಾಕೆ ಇದೆಲ್ಲ ಬರೀತಿವ್ನಿ ಅಂದ್ಕಂಡ್ಯಲ್ಲ. ಅದು ಓದಿ ಎರಡು ದಿನ ಊಟ ಸೇರ್ಲಿಲ್ಲ. ಅವಳು ನಾನು ಎತ್ತಾಡ್ಸಿದ ಕೂಸು. ನಿನ್ ತಲೇಲಿ ಹೆಣ್ಣು ಅಂದ್ರೆ ಯಾರಿಗೋ ಕೊಡೋದು, ಅಷ್ಟೇನಾ?

ನಮಗೆ ಜರತಾರಿ ಕಾಗದ ತಂದುಕೊಡೋ ಇಮಾಮ್ ಸಾಬ್ರು ಅವ್ರೆ. ನೀನು ಬರ್ದಿದ್ದನ್ನ ಅವರಿಗೆ ಓದಿ ಹೇಳ್ದೆ. ಮೊದ್ಲು ಗಡ್ಡ ಸವರ್ಕಂಡು ನಕ್ರು. "ಅರೆ ಪರ್ವತ, ನಿನ್ ಭಾವ ಬಲೇ ವಕೀಲ" ಅಂದ್ರು. ಆಮೇಲೆ ಹೇಳಿದ್ರು, "ಯಾರನ್ನ ಮದುವೆ ಆಗ್ಬೇಕು ಅನ್ನೋದು ರಿವಾಜು ಕಣಪ್ಪ. ಸಲ್ವಾರು ಹಾಕ್ಕಳೋದು, ಪಂಚೆ ಉಟ್ಕಳೋದು ಅಂತೈತಲ್ಲ, ಅಂಗೆ. ಮಗೂನ ಎಳ್ಕೊಂಡು ಹೋಗಿ ಹೆಂಗಸು ಮಾಡೋದು ಜುಲುಂ. ನಮ್ಮೋರಲ್ಲೂ ಮಾಡೋ ನಾಲಾಯಕ್‌ಗಳು ಅವ್ರೆ. ರಿವಾಜು ಊರಿಗೊಂದು. ಜುಲುಂ ಅನ್ನೋದು ಹೊಡಿಸ್ಕಳೋನಿಗೆ ಎಲ್ಲಾ ಊರಲ್ಲೂ ಒಂದೇ ತರ ನೋಯ್ತದೆ." ನೀನು ಎರಡನ್ನೂ ಒಂದೇ ಚೀಲಕ್ಕೆ ತುಂಬಿ ನಂಗೆ ಮಾರಾಕ್ ಬಂದೆ.

ಎಲ್ಲೈತೆ ತೋರಿಸು ಅಂದ್ಯಲ್ಲ, ತಗಾ. ಅಕ್ಕನ್ನ ನೀನು ಕಟ್ಕಂಡಾಗ ಅವಳಿಗೆ ಹತ್ತು. ಮೊದಲನೇ ಹೆರಿಗೆಗೆ ತವರಿಗೆ, ನಮ್ಮೂರು ತೋವಿನಕೆರೆಗೆ ಬಂದಾಗ ಹದಿಮೂರು. ನಂಗೆ ಏಳು. ಒಳಗೆ ಬರ್ಬೇಡ ಅಂದ್ರೂ ನುಗ್ಗಿದ್ದೆ. ಅಕ್ಕ ನನ್ ಕೈ ಹಿಡ್ಕಂಡ್ಲು, ಉಗುರು ನಾಟಿ ರಕ್ತ ಬಂತು. ಏನ್ ಹೇಳಿದ್ಲು ಗೊತ್ತಾ? "ಪರ್ವತ, ನನ್ ಕವಡೆ ಯಾರಿಗೂ ಕೊಡ್ಬೇಡ ಕಣೋ, ನಾನು ಎದ್ದ ಮೇಲೆ ಆಡ್ತೀನಿ" ಅಂದ್ಲು. ಹೆರ್ತಾ ಇರೋಳು ಕವಡೆ ಕೇಳಿದ್ಲು ಭಾವ! ಆ ಮಗು ಉಳೀಲಿಲ್ಲ. ಆಮೇಲಿಂದೂ ಉಳೀಲಿಲ್ಲ. ಆವಾಗ ನಿನ್ ಸೀಮೇಲೂ ಕಾಯ್ದೆ ಇರ್ಲಿಲ್ಲ, ನಮ್ ಸೀಮೇಲೂ ಅವಳು ಎಂಟು ದಾಟಿದ್ಲು. ಎರಡೂ ಕಡೆ ಸರಿ ಇತ್ತು. ಹಂಗಾರೆ ಆ ಕೋಣೇಲಿ ನಡೆದದ್ದು ಸರಿನಾ?

ಸೂರ್ಯ ಎಲ್ಲೂ ಬೇರೆ ಕಡೆ ಹುಟ್ಲಿಲ್ಲ. ಮಾರ್ಚಿ ಮೂವತ್ತೊಂದಕ್ಕೂ ತಪ್ಪೇ ಇತ್ತು. ಕಾಯ್ದೆಗೆ ಮಾರನೇ ದಿನ ಕಣ್ಣು ಬಂತು, ಅಷ್ಟೇ.

ಪರ್ವತ


ಮಡಕಶಿರಾ
10ನೇ ಏಪ್ರಿಲ್ 1933

ಪರ್ವತ,

ಆ ಕೂಸಿನ ವಿಷಯ ನೀನು ಬರೆಯಬಾರದಿತ್ತು. ಮಣ್ಣು ಮುಚ್ಚಿದ್ದು ನಾನು. ಅದನ್ನ ಇಟ್ಟ ಜಾಗ ನನಗೊಬ್ಬನಿಗೇ ಗೊತ್ತು. ನಿನ್ನ ಅಕ್ಕನಿಗೂ ತೋರಿಸಿಲ್ಲ.

ಆದ್ರೆ ನೀನು ಯಾವ ಬಾಯಲ್ಲಿ ಕೇಳ್ತೀಯ? ನಿನ್ನ ಫೆಬ್ರವರಿ ಕಾಗದ ನನ್ನ ಹತ್ತಿರ ಇದೆ. "ಹಣೆನಾ ನಿಂಬೆಹಣ್ಣಾ" ಅಂತ ನಕ್ಕಿದ್ದೀಯ. "ಯಾರ ಮಗಳಾದ್ರೇನು" ಅಂತ ನಿನ್ನ ಕೈಯಲ್ಲೇ ಬರೆದಿದ್ದೀಯ. ಮೂರು ವರ್ಷ ಆ ಮೋಟು ದಾರಗಳಿಗೆ ಬಾಸಿಂಗ ಕಟ್ಟಿದೆ. ಅವರು ಯಾರೂ ಹೊಟ್ಟೇಲಿ ಹುಟ್ಟಿದ ಮಕ್ಕಳಲ್ವಾ? ಆಗ ಯಾವುದೂ ತಪ್ಪಾಗಿ ಕಾಣಲಿಲ್ಲ. ಮಲ್ಲಿ ಅಂತ ಗೊತ್ತಾದ ಗಳಿಗೆಗೆ ತಪ್ಪಾಯ್ತು. ನನ್ನ ಸರಿ ತಪ್ಪಿಗೆ ಪಾವಗಡದ ಗಡಿಕಲ್ಲು. ನಿನ್ನದಕ್ಕೆ ನಿನ್ನ ಮನೆ ಹೊಸಿಲು. ಅಷ್ಟೇ ವ್ಯತ್ಯಾಸ. ನಿನ್ನ ಕಲ್ಲು ನನ್ನ ಕಲ್ಲಿಗಿಂತ ಚಿಕ್ಕದು.

ನೀನು ಬರದೆ ಇದ್ರೆ ಬೇರೆ ಯಾರಾದ್ರೂ ಎತ್ತಿಕೊಂಡು ಬರ್ತಾರೆ. ಮಗುವಿಗೆ ಬೇಜಾರಾಗುತ್ತೆ, ಅಷ್ಟೇ. ಯೋಚನೆ ಮಾಡು.

ನಂದೀಶ್ವರಯ್ಯ


ಸಿರಾ
22ನೇ ಏಪ್ರಿಲ್ 1933

ಭಾವನೋರಿಗೆ,

ನಿಮ್ಮ ಕಾಗದ ಬಂದು ಎಂಟು ದಿನ ಆಯ್ತು. ಹರಿದು ಹಾಕ್ದೆ. ಆಮೇಲೆ ಚೂರು ಜೋಡಿಸ್ಕಂಡು ತಿರ್ಗ ಓದ್ದೆ.

ನೀವು ಹೇಳಿದ್ದು ಸರಿ. ನಾನು ನಕ್ಕಿದ್ದೆ. ಮೊಳೇಲಿರೋ ಮೋಟು ದಾರ ಎಲ್ಲ ಇಳಿಸಿ ಮಡ್ಲಲ್ಲಿ ಹಾಕ್ಕಂಡು ಕೂತೆ. ಒಂದರ ಹೆಸರೂ ಗೊತ್ತಿಲ್ಲ. ಒಂದೇ ಒಂದು ಮೊಖ ನೆಪ್ಪೈತೆ, ಬಡವನಹಳ್ಳಿ ಹುಡುಗಿ. ಅವರಪ್ಪ ಅಂಗಡಿಗೇ ಕರ್ಕೊಂಡು ಬಂದಿದ್ದ. ದಾರ ಹಿಡಿಯೋವಾಗ ಕಚಗುಳಿ ಆಗಿ ನಕ್ಕಳು. ಮಿಕ್ಕಿದ್ದು ಬರೀ ದಾರ.

ಆದ್ರೆ ಒಂದು ಹೇಳ್ತೀನಿ. ನಂಗೆ ತಪ್ಪು ಅಂತ ಗೊತ್ತಿಲ್ದೆ ಇದ್ದಾಗ್ಲೂ ಅದು ತಪ್ಪಾಗೇ ಇತ್ತು. ನಾನು ನಗ್ತಾ ಕಟ್ತಿದ್ನಲ್ಲ, ಅವತ್ತೂ ತಪ್ಪಾಗೇ ಇತ್ತು. ನಂಗೆ ಗೊತ್ತಾದ್ಮೇಲೆ ಹೊಸದಾಗಿ ತಪ್ಪಾಗಿದ್ದಲ್ಲ. ನನ್ ಹೊಸಿಲು ಚಿಕ್ಕದು ಅಂದ್ರಿ, ಚಿಕ್ಕದೇ. ಹೊಸಿಲು ಚಿಕ್ಕದಾದ್ರೆ ಹೊರಗಡೆ ಇರೋದು ಇಲ್ಲ ಅಂತಾಯ್ತದಾ?

ಇರ್ಲಿ. ಜಗಳ ಸಾಕು. ಬಾಸಿಂಗ ಸುಟ್ಟಿಲ್ಲ. ಹಸಿರು ಕಿತ್ತು ಕೆಂಪು ಕಾಗದ ಹಾಕಿವ್ನಿ. ಬರ್ತೀನಿ. ಸೋದರಮಾವ ನಾನಿರೋವಾಗ ಬೇರೆ ಯಾರೋ ಮಲ್ಲಿನ ಎತ್ಕಂಡು ಬರೋದು ಬ್ಯಾಡ. ನಾನೇ ಚಪ್ಪರಕ್ಕೆ ಎತ್ಕಂಡು ಬರ್ತೀನಿ, ಮಾತು ಕೊಟ್ಟಿವ್ನಿ.

ನಿಮ್ಮ
ಪರ್ವತ


ಮಡಕಶಿರಾ
12ನೇ ಮೇ 1933

ಪರ್ವತ,

ಆಶೀರ್ವಾದ ಬರೆಯೋಕೆ ಕೈ ಬರ್ತಿಲ್ಲ.

ನಿನ್ನ ಏಪ್ರಿಲ್ ಕಾಗದ ಓದಿ, ಹುಡುಗ ದಾರಿಗೆ ಬಂದ ಅಂತ ಇಂದ್ರಮ್ಮನಿಗೆ ಓದಿ ಹೇಳಿದ್ದೆ. ಅವಳು ಎದ್ದು ಒಲೆ ಊದೋಕೆ ಹೋದಳು. ನನಗಿಂತ ಚೆನ್ನಾಗಿ ಅವಳಿಗೆ ಅರ್ಥ ಆಗಿತ್ತು ಅಂತ ಈಗ ಗೊತ್ತಾಗ್ತಿದೆ.

ಎಂಟು ದಿನದಿಂದ ಅದೇ ಕಣ್ಣ ಮುಂದೆ ಬರ್ತಿದೆ. ಓಲಗ ಶುರುವಾಯ್ತು. ನೀನು ಗಾಡಿಯಿಂದ ಮಲ್ಲಿನ ಎತ್ತಿಕೊಂಡೆ. ಅವಳು ಬಾಸಿಂಗ ಕೈಯಲ್ಲಿ ಹಿಡ್ಕೊಂಡು ನಗ್ತಿದ್ಲು. ಚಪ್ಪರದ ಹತ್ತಿರ ಬಂದೆ. ಅಯ್ಯನೋರು ಅಕ್ಷತೆ ಹಿಡಿದು ಎದ್ದರು. ನೀನು ನಿಲ್ಲಲಿಲ್ಲ. ಚಪ್ಪರ ದಾಟಿ, ಗುಡಿ ದಾಟಿ, ಓಲಗದೋರು ಊದ್ತಾ ನಿನ್ನ ಹಿಂದೇನೇ ಬರ್ತಿದ್ರೆ, ಕಲ್ಲು ದಾಟಿ ಆಕಡೆ ಬ್ರಿಟಿಷ್ ಸೀಮೆಯ ನೆಲದ ಮೇಲೆ ಕೂತುಬಿಟ್ಟೆ. ಮಗೂನ ತೊಡೆ ಮೇಲೆ ಇಟ್ಕೊಂಡು ಕೂಗಿದೆ, "ಬರ್ರಿ ಮುನಸೀಬ್ರೇ, ಇಲ್ಲಿ ಕಟ್ಸಿ ತಾಳಿ! ಹತ್ತೇ ಹೆಜ್ಜೆ! ಅಲ್ಲಿ ಪುಣ್ಯ ಆದ್ರೆ ಇಲ್ಲೂ ಪುಣ್ಯವೇ ಅಲ್ವಾ, ಬರ್ರಿ!" ಅಂತ. ಆಕಡೆ ಹೊಲದಲ್ಲಿದ್ದೋರೆಲ್ಲ ಬಂದು ನೋಡ್ತಾ ನಿಂತರು. ಸಿದ್ದಗಂಗಯ್ಯನೋರು ಅದೇ ಸೀಮೆಯಲ್ಲಿ ಕಾಯ್ದೆ ನಡೆಸೋ ಮುನಸೀಬರು. ಅಷ್ಟು ಸಾಕ್ಷಿ ಮುಂದೆ ಆ ಕಡೆ ಒಂದು ಹೆಜ್ಜೆ ಇಡಲಿಲ್ಲ.

ಹೊಡೆದದ್ದು ನಾನೇ. ಕೊಡೆ ಮುರಿಯೋವರೆಗೂ ಹೊಡೆದೆ. ನೀನು ಮಗುವಿನ ಮೇಲೆ ಬಗ್ಗಿ ಕೂತೆ, ಏಳಲಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ. ನಿನ್ನ ಅಕ್ಕ ಹದಿನೈದು ವರ್ಷ ನನ್ನ ಎದುರು ತಲೆ ಎತ್ತಿದೋಳಲ್ಲ. ಅವಳು ಹೆಂಗಸರ ಮಧ್ಯದಿಂದ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲು ದಾಟಿ ಬಂದು ನಿನ್ನ ಪಕ್ಕ ಕೂತಳು. ನನ್ನ ಕಡೆ ನೋಡಲಿಲ್ಲ. ಹತ್ತು ಗಂಟೆ ಆಯ್ತು. ಅವರು ಗಾಡಿ ಕಟ್ಟಿದರು.

ಈಗ ಬೀದೀಲಿ ಜನ ನಗ್ತಾರೆ. ಅಣ್ಣನೂ ಮಾತು ಬಿಟ್ಟಿದ್ದಾನೆ. ಇಸ್ಕೂಲು ತೆರೆದ ಮೇಲೆ ಮಲ್ಲಿನ ಕಳಿಸ್ತೀನಿ. ಮನೇಲಿದ್ರೆ ಬಂದೋರೆಲ್ಲ ಅವಳನ್ನೇ ಕೇಳ್ತಾರೆ, ಅದಕ್ಕೆ. ಬೇರೆ ಏನೂ ಅಂದ್ಕೋಬೇಡ.

ಒಂದೇ ಪ್ರಶ್ನೆ. ಮಾತು ಕೊಟ್ಟಿವ್ನಿ ಅಂತ ಬರೆದಿದ್ದೆ. ಚಪ್ಪರಕ್ಕೆ ಎತ್ಕಂಡು ಬರ್ತೀನಿ ಅಂದಿದ್ದೆ. ಎಲ್ಲಾ ಕಡೆಗೂ ಒಂದೇ ಸರಿ ಇದೆ ಅನ್ನೋನು ನೀನು. ಸುಳ್ಳು ಎಲ್ಲಾ ಕಡೆ ತಪ್ಪಾ, ಅಲ್ವಾ? ಉತ್ತರ ಬರಿ.

ನಂದೀಶ್ವರಯ್ಯ


ಬಡವನಹಳ್ಳಿ
28ನೇ ಮೇ 1933

ಭಾವನೋರಿಗೆ,

ಅಕ್ಷರ ಇನ್ನೂ ಕೆಟ್ಟದಾಗೈತೆ, ಬಲಗೈ ಊದಿರೋದು ಇಳಿದಿಲ್ಲ. ಅದು ಬಿಡಿ.

ತಪ್ಪು. ಅಲ್ಲೂ ತಪ್ಪು, ಇಲ್ಲೂ ತಪ್ಪು. ನಿಮ್ಗೆ ಸುಳ್ಳು ಹೇಳ್ದೆ. ಕಾಗದ ಬರೆಯೋವಾಗ್ಲೇ ಗೊತ್ತಿತ್ತು ಸುಳ್ಳು ಅಂತ. ಮಲ್ಲಿ ಸಲುವಾಗಿ ಅಂತ ಹೇಳಿ ಅದನ್ನ ಸರಿ ಮಾಡ್ಕಳಾಕೆ ನಾನು ನೋಡಲ್ಲ. ಹಂಗೆ ಮಾಡಿದ್ರೆ ನಂಗೂ ಒಂದು ಕಲ್ಲು ಸಿಕ್ಕಂಗಾಯ್ತು, ದಾಟಿದ್ರೆ ಆಯ್ತು. ತಪ್ಪು ಮಾಡ್ದೆ. ತಿರ್ಗ ಆ ದಿನ ಬಂದ್ರೆ ತಿರ್ಗ ಮಾಡ್ತೀನಿ, ಆವಾಗ್ಲೂ ತಪ್ಪೇ. ಇದು ಹೆಂಗೆ ಅಂತ ನಂಗೆ ಗೊತ್ತಾಗ್ತಿಲ್ಲ. ಇಮಾಮ್ ಸಾಬ್ರನ್ನ ಕೇಳ್ದೆ, ಅವರು ಜರತಾರಿ ಕಾಗದ ಎಣಿಸಾಕೆ ಕೂತ್ರು. ನಿದ್ದೆ ಬರಲ್ಲ. ನೀವು ಬೇಕಾದ್ರೆ ಇನ್ನೊಂದು ಕೊಡೆ ತಗಂಡು ಬನ್ನಿ.

ಇಸ್ಕೂಲಿಗೆ ಕಳಿಸ್ತೀನಿ ಅಂದ್ರಲ್ಲ, ನಾನು ಬೇರೆ ಏನೂ ಅಂದ್ಕಂಡಿಲ್ಲ.

ದೊಡ್ಡರಂಗಪ್ಪ ಕೆಲಸದಿಂದ ತೆಗೆದ. ಮೋಟು ದಾರಕ್ಕೆ ಕಟ್ಟಾಕಿಲ್ಲ ಅಂದೆ. "ನೀನು ಕಟ್ದೆ ಇದ್ರೆ ಮದುವೆ ನಿಲ್ತದೇನ್ಲಾ ಬೆಪ್ಪ?" ಅಂದ. ನಿಲ್ಲಲ್ಲ, ನಂಗೂ ಗೊತ್ತು. ದಾರ ಎಲ್ಲ ಚೀಲಕ್ಕೆ ಹಾಕ್ಕಂಡು ಬಂದ್ಬುಟ್ಟೆ. ಮಲ್ಲಿದು ಈ ಲಕೋಟೇಲಿ ಇಟ್ಟಿವ್ನಿ. ಅಕ್ಕನ ಕೈಗೆ ಕೊಡಿ.

ಬಡವನಹಳ್ಳಿಗೆ ಯಾಕ್ ಬಂದೆ ಅಂದ್ರೆ, ಮೊಖ ನೆಪ್ಪಿರೋದು ಅದೊಂದೇ ಅಂದಿದ್ನಲ್ಲ. ಕೇಳ್ಕಂಡು ಹೋದೆ. ಕೆಂಚಮ್ಮ ಅಂತ ಹೆಸರು. ಹನ್ನೊಂದು ವರ್ಷ. ಹೋದ ವರ್ಷ ಗಂಡ ಜ್ವರದಲ್ಲಿ ಹೋದ, ಅಪ್ಪನ ಮನೆಗೆ ತಂದು ಬಿಟ್ಟವ್ರೆ. ಕೈಯಲ್ಲಿ ಬಳೆ ಇಲ್ಲ. ಜಗಲಿ ಮೇಲೆ ಕೂತು ಹುಣಸೆ ಬೀಜ ಆರಿಸ್ತಿದ್ಲು.

ತಪ್ಪಾಯ್ತು ಅಂತ ಹೇಳಾಕೆ ಹೋಗಿದ್ದೆ. ದಾರೀಲಿ ಎಲ್ಲ ಮಾತು ಜೋಡಿಸ್ಕಂಡಿದ್ದೆ. ಎದುರಿಗೆ ನಿಂತೆ. ಅವಳೇ ಮೊದ್ಲು ಗುರುತು ಹಿಡಿದ್ಲು.

"ಬಾಸಿಂಗದಣ್ಣ ಅಲ್ವಾ ನೀನು?" ಅಂದ್ಲು.

ಹೂಂ ಅಂದೆ.

ಹಲ್ಲು ಬಿಟ್ಟು ನಕ್ಕಳು ಭಾವ. "ತುಂಬಾ ಚೆಂದಾಗಿತ್ತು ಕಣಣ್ಣ" ಅಂದ್ಲು.

ಜಗಲಿ ಕೆಳಗೆ ಕೂತ್ಕಂಡೆ. ಬಿಸಿಲು ಇಳಿಯೋಗಂಟ ಅವಳ ಜೊತೆ ಬೀಜ ಆರಿಸ್ದೆ. ಹೇಳಾಕೆ ಹೋಗಿದ್ದು ಹೇಳಾಕಾಗ್ಲಿಲ್ಲ. ನಾಳೆ ತಿರ್ಗ ಹೋಗ್ತೀನಿ.

ಪರ್ವತ